ಆ ಸೊಪ್ಪು ಹಾಕಬೇಡ ಅಂದವರು ಯಾರು?

ಇಂಥ ಸಂಗತಿಗಳನ್ನು ನಂಬುವ ಪೈಕಿ ನಾನಲ್ಲ. ನಮ್ಮೂರಲ್ಲಿ ಯಾರ ಮೈಮೇಲಾದರೂ ದೇವರು ಬಂದರೆ ಎಲ್ಲರೂ ಕೈಮುಗಿದು ನಿಲ್ಲುತ್ತಾರೆ. ನಾನು ಹಿಂದೆ ನಿಂತು, ಪಾಪ ಆ ಹೆಂಗಸಿಗೆ ಮನೆಯಲ್ಲಿ ಏನು ಕಷ್ಟವೋ ಅಂತ ಯೋಚಿಸುತ್ತೇನೆ. ಹುಣಸೆಮರದ ಹತ್ತಿರ ಯಾರೋ ಹೆಸರು ಹಿಡಿದು ಕರೆದರು ಅಂದವರನ್ನು ಗೇಲಿ ಮಾಡಿ ಬೈಸಿಕೊಂಡಿದ್ದೇನೆ. ಈಗಲೂ ನನಗೆ ದೆವ್ವದ ಮೇಲೆ ನಂಬಿಕೆಯಿಲ್ಲ. ದೇವರ ಮೇಲೆ ಇದೆ, ಆದರೆ ಅವನು ಫೋನಿನಲ್ಲಿ ಮಾತಾಡುತ್ತಾನೆ ಅನ್ನುವಷ್ಟಿಲ್ಲ. ಹೀಗಿದ್ದರೂ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಈ ಎರಡು ಕಿವಿಯಿಂದ ಕೇಳಿದ್ದನ್ನು ಕೇಳಿಲ್ಲ ಅನ್ನಲು ನಾನು ತಯಾರಿಲ್ಲ. ನಗುವವರು ನಗಲಿ. ನಗೆಪಾಟಲಾಗಿ ನನಗೆ ಅಭ್ಯಾಸವಾಗಿದೆ.

ನಗು ಶುರುವಾದದ್ದೇ ಆಟದಿಂದ. ನಾವು ಕಿರುಗಾವಲು ಕಡೆಯವರು, ರೇಷ್ಮೆ ಸಾಕುತ್ತೇವೆ. ಹುಳುವಿಗೆ ಒಂದು ಸಲ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಮುಂದಿನ ಸಲದ ತನಕ ಒಂದಷ್ಟು ಬಿಡುವು ಸಿಗುತ್ತದೆ. ಬೇರೆ ಹೆಂಗಸರು ಆ ಹೊತ್ತಿನಲ್ಲಿ ಧಾರಾವಾಹಿ ನೋಡುತ್ತಾರೆ. ನಾನು ಫೋನಿನೊಳಗೆ ಬಂದೂಕು ಹಿಡಿದು ವಿಮಾನದಿಂದ ಹಾರುತ್ತೇನೆ. ಮಗಳು ಹಾಕಿಕೊಟ್ಟ ಆಟ ಅದು. ಅವಳಿಗೆ ಬೇಸರವಾಗಿ ಬಿಟ್ಟಳು, ನನಗೆ ಹಿಡಿದುಕೊಂಡಿತು. ನಾಲ್ಕು ಜನರ ಒಂದು ತಂಡ. ಯಾರು ಎಲ್ಲಿಯವರೋ ಗೊತ್ತಿರುವುದಿಲ್ಲ, ಮೈಕಿನಲ್ಲಿ ಮಾತಾಡಿಕೊಂಡು ಆಡಬೇಕು. ಕೊನೆಯ ತನಕ ಜೀವ ಉಳಿಸಿಕೊಂಡ ತಂಡ ಗೆದ್ದ ಹಾಗೆ. ಬೆಳೆದ ಮಗಳಿರುವ ಹೆಂಗಸು ಹುಡುಗರ ಆಟ ಆಡುತ್ತಾಳೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಅಂತ ಬಿಟ್ಟೆ. ಆಟದಲ್ಲಿ ನನ್ನ ಹೆಸರು ಮುದ್ದೆರಾಣಿ.

ಹೆಣ್ಣು ದನಿ ಕೇಳಿದರೆ ಸಾಕು, ಕೆಲವು ಗಂಡಸರ ನಾಲಿಗೆ ಉದ್ದವಾಗುತ್ತದೆ. ಒಂದು ದಿನ ತಂಡದಲ್ಲಿದ್ದ ಯಾವನೋ ನನ್ನ ಜೊತೆ ಹೊಲಸು ಮಾತು ಶುರುಮಾಡಿದ. ಮೈಕು ಆರಿಸೋಣ ಅನ್ನುವಷ್ಟರಲ್ಲಿ ತಂಡದೊಳಗಿಂದಲೇ ಇನ್ನೊಂದು ಹೆಣ್ಣು ದನಿ ಎದ್ದಿತು.

“ಲೇ, ನಿಮ್ಮವ್ವನ್ ಕುಟೆನೂ ಇಂಗೇ ಮಾತಾಡ್ತೀಯೇನ್ಲಾ? ಬಾಯ್ ಮುಚ್ಕಂಡ್ ಆಡಂಗಿದ್ರೆ ಆಡು, ಇಲ್ದಿದ್ರೆ ಓಯ್ತಾ ಇರು.”

ಅವನು ಆಟ ಬಿಟ್ಟು ಓಡಿದ. ನಾನು ಹುಳುಮನೆಯ ಬಾಗಿಲಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಅವಳೇ ರತ್ನ. ಆಟದಲ್ಲಿ ಅವಳ ಹೆಸರು ಮದ್ದೂರ್ ಹುಲಿ. ಮದ್ದೂರಿನ ಪಕ್ಕ ವೈದ್ಯನಾಥಪುರದವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಸಂಜೆ ಕಂಪನಿಯ ಗಾಡಿಯಲ್ಲಿ ಮನೆಗೆ ಬರುವಾಗ ಆಡುತ್ತಿದ್ದಳು, ರಜೆಯ ದಿನವಾದರೆ ಮಧ್ಯಾಹ್ನವೂ ಸಿಗುತ್ತಿದ್ದಳು. ನಾನು ಗುಂಡು ತಿಂದು ಬಿದ್ದರೆ ತನ್ನ ಜೀವ ಹೋದರೂ ಸರಿ ಅಂತ ಓಡಿ ಬಂದು ಎಬ್ಬಿಸುವವಳು. ಗುಂಡಿನ ಸದ್ದಿನ ಮಧ್ಯೆಯೇ ಸೂಪರ್‌ವೈಸರನ ಕಾಟ, ನನ್ನ ಸೊಂಟದ ನೋವು, ಸಾರಿಗೆ ಏನು ಹಾಕಿದೆ, ಎಲ್ಲ ಮಾತಾಡುತ್ತಿದ್ದೆವು. ಮದುವೆಯಾಗಿ ಬಂದ ಮೇಲೆ ನನಗೆ ನೆಂಟರು, ಓರಗಿತ್ತಿಯರು, ನೆರೆಯವರು ಎಲ್ಲ ಸಿಕ್ಕಿದ್ದರು. ಗೆಳತಿ ಅಂತ ಸಿಕ್ಕಿದ್ದು ಅವಳೊಬ್ಬಳೇ. ಫೋನಿನ ಸ್ನೇಹ ಸ್ನೇಹವಲ್ಲ ಅನ್ನುವವರು ಬೇಕಾದರೆ ಅನ್ನಲಿ, ಅವರಿಗೆ ಅಂಥದ್ದು ಸಿಕ್ಕಿಲ್ಲ ಅಷ್ಟೆ.

ಒಂದು ಭಾನುವಾರ ವೈದ್ಯನಾಥೇಶ್ವರನ ದರ್ಶನ ಅಂತ ಹೇಳಿ ಮಳವಳ್ಳಿಗೆ ಹೋಗಿ ಮದ್ದೂರಿನ ಬಸ್ಸು ಹತ್ತಿದೆ. ದೇವಸ್ಥಾನಕ್ಕೂ ಹೋದೆ, ಅದು ಸುಳ್ಳಲ್ಲ. ಆಮೇಲೆ ರತ್ನನ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಅವರು ಯಾವ ಕೇರಿಯ ಜನ ಅಂತ ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅವಳ ತಾಯಿ ಕೊಟ್ಟ ಅಕ್ಕಿರೊಟ್ಟಿ ತಿಂದೆ, ಇನ್ನೊಂದು ಕೇಳಿ ಹಾಕಿಸಿಕೊಂಡೆ. ಹೊರಡುವಾಗ, ನೀನೂ ನಮ್ಮ ಮನೆಗೆ ಬಾ, ಹುಳು ತೋರಿಸುತ್ತೇನೆ ಎಂದೆ.

“ನೀ ಕರುದ್ರೆ ಬತ್ತೀನಿ ಕಣಕ್ಕ,” ಅಂದಳು. “ಆದ್ರೆ ಬಾಗ್ಲಲ್ ನಿಂತ್ಕಂಡ್ ನೋಡಕ್ ಮಾತ್ರ ಬರಕಿಲ್ಲ.”

ಅತ್ತೆಗೆ ಇದನ್ನು ಮುಚ್ಚಿಡುವುದು ನನಗೆ ಬೇಕಿರಲಿಲ್ಲ. ಬಂದವಳೇ ಹೇಳಿದೆ. ಅವರು ಮೊದಲು ಕೇಳಿದ್ದು ಯಾವ ಜನವಂತೆ ಅಂತ. ಅದನ್ನೂ ಹೇಳಿದೆ. ಅದಕ್ಕೆ ಅವರು, “ಜಗಲಿ ತಂಕ ಬರ್ಲಿ, ಕಾಪಿ ಕುಡ್ಕಂಡ್ ಓಗ್ಲಿ. ಉಳದ್ ಮನೆಗ್ ಮಾತ್ರ ಬ್ಯಾಡ ಕಣಮ್ಮ, ಬೆಳೆ ಕೆಟ್ಟೋಯ್ತದೆ,” ಎಂದರು.

ರೇಷ್ಮೆ ಸಾಕುವವರು ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ಬರುತ್ತದೆ, ಕಣ್ಣು ಬೀಳುತ್ತದೆ ಅನ್ನುತ್ತಾರೆ. ರೋಗದ ಮಾತು ನಿಜ. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಟ್ಟಿರುತ್ತೇವೆ, ಕಾಲು ಅದ್ದಿ ಒಳಗೆ ಬರಬೇಕು. ಆದರೆ ಅತ್ತೆಯ ತಂಗಿ ಬಸ್ಸಿಳಿದು ಬಂದ ಕಾಲಲ್ಲೇ ಒಳಗೆ ನುಗ್ಗಿ ಹುಳು ಕೈಯಲ್ಲಿ ಹಿಡಿದು ನೋಡುತ್ತಾರೆ. ಸೊಪ್ಪು ಕೊಯ್ದು ತಲೆಯ ಮೇಲೆ ಹೊತ್ತು ತರುವ ಕೂಲಿ ಹೆಂಗಸರು ಮಾತ್ರ ಹೊಸ್ತಿಲ ಆಚೆಯೇ ಹೊರೆ ಇಳಿಸಿ ಹೋಗುತ್ತಾರೆ. ಯಾರ ಕಾಲಿಗೆ ರೋಗ ಅಂಟಿಕೊಂಡಿರುತ್ತದೆ ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ ಅಂತ ಕಾಣುತ್ತದೆ. ಇದನ್ನು ಬಾಯಿಬಿಟ್ಟು ಕೇಳಿದ್ದಕ್ಕೆ ಮನೆಯಲ್ಲಿ ದೊಡ್ಡ ರಂಪವಾಯಿತು. ನನ್ನ ಗಂಡ ಯಾರ ಕಡೆಯೂ ಸೇರದೆ ತೋಟಕ್ಕೆ ಹೋದರು. ರತ್ನ ಬಂದರೆ ಒಳಗೇ ಬರಬೇಕು, ಇಲ್ಲದಿದ್ದರೆ ನಾನು ಕರೆಯುವುದೇ ಇಲ್ಲ ಎಂದೆ. ಮತ್ತೆ ಕರೆಯಲೂ ಇಲ್ಲ. ಅವಳೂ ಕೇಳಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು, ಹೀಗೇ ಬಿಟ್ಟರೆ ಈ ಸ್ನೇಹ ಉಳಿಯುವುದಿಲ್ಲ ಅನ್ನಿಸುತ್ತಿತ್ತು.

ಆ ಸಲದ ಬೆಳೆ ಚೆನ್ನಾಗಿ ಬಂದಿತ್ತು. ಹುಳು ಪೊರೆ ಬಿಡಲು ತಿನ್ನದೆ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ನಮ್ಮ ಹುಳು ಆ ಘಟ್ಟದಲ್ಲಿತ್ತು. ಗಂಡ ಮಂಡ್ಯಕ್ಕೆ ಹೋಗಿದ್ದರು. ಒದ್ದೆ ಗೋಣಿ ಹೊದಿಸಿದ ಸೊಪ್ಪಿನ ಹೊರೆಗಳು ಮೂಲೆಯಲ್ಲಿದ್ದವು. ಬೆಳಿಗ್ಗೆ ಅವರೇ ಕೊಯ್ದಿಟ್ಟು ಹೋಗಿದ್ದಾರೆ ಅಂದುಕೊಂಡೆ. ಹಾಕುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಬಾಗಿಲ ಹೊರಗೆ ಕೂತು ಒಂದು ಆಟ ಶುರುಮಾಡಿದೆ. ತಂಡದಲ್ಲಿದ್ದ ಮೂವರೂ ಗುರುತಿಲ್ಲದವರು, ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಗುಂಡು ತಗಲಿ, ಯಾವುದೋ ಮನೆಯ ಗೋಡೆಗೆ ಒರಗಿ ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ. ಆಗ ರತ್ನ ಮಾತಾಡಿದಳು.

“ಅಕ್ಕ, ಆ ಸೊಪ್ಪ ಉಳಕ್ ಆಕ್ಬ್ಯಾಡ ಕಣಕ್ಕ. ಮೊದ್ಲು ಒಂದ್ ತಟ್ಟೆಗ್ ಆಕಿ ನೋಡು.”

“ಆಯ್ತು ಬುಡು,” ಅಂದೆ. ಆ ಕ್ಷಣ ನನಗೆ ಏನೂ ವಿಚಿತ್ರ ಅನ್ನಿಸಲಿಲ್ಲ, ದಿನಾ ಕೇಳುವ ದನಿ. ಅವಳು ತಂಡದಲ್ಲೇ ಇಲ್ಲ ಅನ್ನುವುದು ಹೊಳೆಯಲೇ ಇಲ್ಲ. ಆಟದಲ್ಲಿ ಅವಳು ಆ ಕಡೆ ಹೋಗಬೇಡ ಅಂದರೆ ನಾನು ಯಾಕೆ ಅಂತ ಕೇಳದೆ ನಿಲ್ಲುವವಳು. ಆ ಅಭ್ಯಾಸದಲ್ಲೇ ಎದ್ದು ಒಳಗೆ ಹೋದೆ, ಹುಳು ಸಾಕುವ ಬಿದಿರು ತಟ್ಟೆಗಳಲ್ಲಿ ಒಂದಕ್ಕೆ ಮಾತ್ರ ಆ ಸೊಪ್ಪು ಹಾಕಿದೆ. ಮಿಕ್ಕ ಹುಳುವಿಗೆ ಮನೆಯ ಹಿಂದಿನ ಸಾಲಿನಲ್ಲಿ ಉಳಿದಿದ್ದ ಒರಟು ಸೊಪ್ಪನ್ನೇ ತರಿದು ತಂದು ಹಾಕಿದೆ. ಅಷ್ಟೊಂದು ಸೊಪ್ಪು ಇಟ್ಟುಕೊಂಡು ಹುಳು ಉಪವಾಸ ಕೆಡವುತ್ತೀಯಾ ಅಂತ ಅತ್ತೆ ಬೈದರು. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಬಿಸಿಲು ಇಳಿಯುವ ಮೊದಲೇ ಆ ತಟ್ಟೆಯ ಹುಳುಗಳು ತಲೆ ಎತ್ತಿ ಒದ್ದಾಡತೊಡಗಿದವು. ಹಸಿರು ನೀರು ಕಾರಿಕೊಂಡು ಸೊಟ್ಟಗೆ ಬಿದ್ದವು. ಔಷಧಿ ಬಿದ್ದ ಸೊಪ್ಪು ತಿಂದರೆ ಹೀಗೇ ಆಗುತ್ತದೆ. ಅತ್ತೆ ಬಾಗಿಲಲ್ಲೇ ಕುಸಿದು ಕೂತರು. ಆಗ ಸತ್ಯ ಹೊರಗೆ ಬಂತು. ತೋಟದ ಸೊಪ್ಪು ಸಾಲುವುದಿಲ್ಲ ಅನ್ನುವ ಹೆದರಿಕೆಯಲ್ಲಿ ಅವರೇ ಮಳವಳ್ಳಿ ರಸ್ತೆಯ ಯಾರದೋ ತೋಟದಿಂದ ತರಿಸಿ ಇಡಿಸಿದ್ದರು. ನನಗಾಗಲಿ ತಮ್ಮ ಮಗನಿಗಾಗಲಿ ಹೇಳಿರಲಿಲ್ಲ. ಅದರ ಪಕ್ಕದ ಟೊಮೇಟೊ ಹೊಲಕ್ಕೆ ಹಿಂದಿನ ದಿನ ಔಷಧಿ ಹೊಡೆದಿದ್ದರಂತೆ. ಬೇರೆಯವರ ತೋಟದ ಸೊಪ್ಪು ತಂದಾಗ ಮೊದಲು ನಾಲ್ಕು ಹುಳುವಿಗೆ ಹಾಕಿ ನೋಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಅದು ಬೇರೆಯವರದ್ದು ಅಂತ ನನಗೆ ಗೊತ್ತಿದ್ದರೆ ತಾನೆ?

ರತ್ನ ಹೇಳಿದಳು, ಅದಕ್ಕೇ ಹಾಕಲಿಲ್ಲ ಎಂದೆ. ತೋರಿಸೋಣ ಅಂತ ಫೋನು ತೆಗೆದು ನೋಡಿದರೆ ಆ ಆಟದಲ್ಲಿ ಅವಳ ಹೆಸರೇ ಇಲ್ಲ. ಸಂಜೆ ಅವಳ ಕೆಲಸ ಮುಗಿದ ಮೇಲೆ ಫೋನ್ ಮಾಡಿ ಕೇಳಿದೆ.

“ನಾನಾ? ಮದ್ಯಾನೆಲ್ಲ ಮಿಸಿನ್ ಮುಂದ್ ಕೂತಿದ್ನಲ್ಲಕ್ಕ,” ಅಂದಳು. “ಪೋನ್ನ ಗೇಟಲ್ಲೇ ಇಸ್ಕತಾರೆ, ವಳಿಕ್ಕೆ ಬುಡಕಿಲ್ಲ. ಯಾವ್ ಸೊಪ್ಪು? ಏನಾಯ್ತಕ್ಕ?”

ಅಷ್ಟರೊಳಗೆ ಅತ್ತೆ ಒಂದು ನಿರ್ಧಾರಕ್ಕೆ ಬಂದಾಗಿತ್ತು. “ಊರಮ್ಮನೇ ನುಡ್ದವ್ಳೆ ಕಣೆ,” ಎಂದು ಕೆನ್ನೆ ಬಡಿದುಕೊಂಡರು. ಮಾರನೆಯ ದಿನ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದರು. ಮುದ್ದೆರಾಣಿ ಅಂತ ಕಿಸಕಿಸ ನಗುತ್ತಿದ್ದವರೇ ನನ್ನ ಮುಂದೆ ದನಿ ತಗ್ಗಿಸಿ ಮಾತಾಡಿದರು. ಅತ್ತೆ ನನ್ನ ಫೋನಿಗೆ ಕುಂಕುಮ ಇಟ್ಟರು. ನಾನು ಸೆರಗಿನಲ್ಲಿ ಒರೆಸಿದೆ. ಕೇಳಿದ್ದು ರತ್ನನ ದನಿ ಅಂತ ಎಷ್ಟು ಹೇಳಿದರೂ, ಅಮ್ಮ ಯಾರ ದನಿಯಲ್ಲಾದರೂ ಬಂದಾಳು ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ರತ್ನನ ದನಿಯಲ್ಲಿ ನಮ್ಮ ಮನೆಗೆ ಬರಬಹುದಂತೆ, ರತ್ನ ಮಾತ್ರ ಬರಬಾರದಂತೆ!

ಆ ಸಿಟ್ಟಿನಲ್ಲೇ ಮತ್ತೆ ಅವಳಿಗೆ ಫೋನ್ ಮಾಡಿದೆ. ನಾನೇ ಹೇಳಿದ್ದು ಅಂತ ಒಂದು ಮಾತು ಅಂದುಬಿಡು, ಬೆಳೆ ಉಳಿಸಿದವಳನ್ನು ಬಾಗಿಲಲ್ಲಿ ಯಾರು ತಡೆಯುತ್ತಾರೋ ನೋಡುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

“ನಾ ಏಳ್ಲಿಲ್ಲ ಕಣಕ್ಕ. ಏಳ್ದೆ ಅಂತ ಸುಳ್ಳಾಡ್ಕಂಡ್ ನಾನ್ಯಾಕ್ ಬರ್ಲಿ? ಉಳ ಉಳುಸ್ದೋರ್ಗೆ ಮಾತ್ರಾನಾ ನಿಮ್ಮನೆ ಬಾಗ್ಲು?”

ಮುಖಕ್ಕೆ ಹೊಡೆದ ಹಾಗಾಯಿತು. ಹಾಗಾದರೆ ಏನನ್ನೂ ಉಳಿಸದೆಯೇ ಬಾ, ಹುಳು ಹಣ್ಣಾಗುವ ಹೊತ್ತಿಗೆ ಬಾ, ನಾನು ಕರೆಯುತ್ತಿದ್ದೇನೆ ಎಂದೆ.

ಬಂದಳು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ ನಡೆದಿತ್ತು. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದದ್ದು. ಎಷ್ಟು ಕೈ ಇದ್ದರೂ ಸಾಲದ ಹೊತ್ತು ಅದು. ರತ್ನ ಚಪ್ಪಲಿ ಬಿಟ್ಟು ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಗಂಡ ತಲೆ ತಗ್ಗಿಸಿ ಹುಳು ಆರಿಸುತ್ತಲೇ ಇದ್ದರು. ಅತ್ತೆ ನನ್ನ ಕಡೆ ತಿರುಗಿ, ರತ್ನನಿಗೂ ಕೇಳುವ ಹಾಗೆ, “ಕೂಲಿಗ್ ಅಂತಾದ್ರೆ ಬರ್ಲಿ ಬುಡು,” ಎಂದರು.

“ಕೂಲಿಗಲ್ಲ ಕಣತ್ತೆ, ನನ್ ಪ್ರೆಂಡು ಇವ್ಳು,” ಎಂದೆ. “ದಾರಿ ಬುಡಿ. ನೀವೂ ವಳಿಕ್ ಬರಂಗಿದ್ರೆ ಕಾಲ್ ಅದ್ಕಂಡ್ ಬನ್ನಿ.”

ಮದುವೆಯಾಗಿ ಬಂದ ಮೇಲೆ ಅವರಿಗೆ ದಾರಿ ಬಿಡಿ ಎಂದದ್ದು ಅದೇ ಮೊದಲು. ಅತ್ತೆ ದಾರಿ ಬಿಟ್ಟರು, ಒಳಗೆ ಮಾತ್ರ ಬರಲಿಲ್ಲ. ಆ ಬೆಳೆಯ ಗೂಡು ಬಿಡಿಸುವ ತನಕವೂ ಒಳಗೆ ಕಾಲಿಡಲಿಲ್ಲ. ಗೂಡು ಚೆನ್ನಾಗಿಯೇ ಬಂತು.

ಈಗ ನೀವು ನಿಮಗೆ ತೋಚಿದ್ದು ಹೇಳಬಹುದು. ತಂಡದ ಆ ಮೂವರಲ್ಲಿ ಯಾರೋ ಮಾತಾಡಿರಬೇಕು ಎಂದಳು ಮಗಳು. ಹಿಂದಿಯವನಿಗೆ ನಮ್ಮ ಮಂಡ್ಯದ ಮಾತು ಎಲ್ಲಿಂದ ಬಂತು, ನನ್ನ ಸೊಪ್ಪಿನ ಸುದ್ದಿ ಎಲ್ಲಿಂದ ಬಂತು? ನಿದ್ದೆ ಹತ್ತಿರಬೇಕು ಎಂದರು ಗಂಡ. ಗುಂಡು ಹಾರುವಾಗ ಯಾರಿಗೆ ನಿದ್ದೆ ಬರುತ್ತದೆ? ಸೊಪ್ಪಿನ ವಾಸನೆ ಬಡಿದು ನನ್ನ ಮನಸ್ಸೇ ಹಾಗೆ ಹೇಳಿರಬಹುದು ಅಂತ ನಾನೂ ಯೋಚಿಸಿದ್ದೇನೆ. ಆದರೆ ನಾನು ಆಗ ಹೊರಗೆ ಕೂತಿದ್ದೆ, ಗೋಣಿ ಎತ್ತಿ ನೋಡಿರಲೂ ಇಲ್ಲ. ರತ್ನ ಪಕ್ಕದಲ್ಲಿ ಕೂತು ಹುಳು ಆರಿಸುತ್ತಾ ಮಾತಾಡುವಾಗ ಕಿವಿಗೊಟ್ಟು ಕೇಳಿದೆ. ಅದೇ ದನಿ. ಅದೇ, ಇನ್ಯಾವುದೂ ಅಲ್ಲ. ಅವಳು ಸುಳ್ಳು ಹೇಳುವವಳಲ್ಲ, ನನ್ನ ಕಿವಿಯೂ ಸುಳ್ಳು ಹೇಳುವುದಿಲ್ಲ. ಈ ಎರಡನ್ನೂ ಹೇಗೆ ಜೋಡಿಸುವುದೋ ನನಗೆ ಇವತ್ತಿನವರೆಗೂ ತಿಳಿದಿಲ್ಲ.

ತಿಳಿಯದಿದ್ದರೆ ಹೋಗಲಿ. ಅಮ್ಮ ಎಂದು ಕೈಮುಗಿಯುವುದೂ ಇಲ್ಲ, ಭ್ರಮೆ ಎಂದು ಒಪ್ಪಿಕೊಳ್ಳುವುದೂ ಇಲ್ಲ. ಆ ದನಿಯ ಪುಣ್ಯದಿಂದ ರತ್ನ ನಮ್ಮ ಹುಳುಮನೆಗೆ ಬಂದಳು ಅಂತ ಮಾತ್ರ ಯಾರೂ ನನ್ನ ಮುಂದೆ ಹೇಳಬೇಡಿ. ನಾನು ಕರೆದೆ, ಅವಳು ಬಂದಳು.