ಆಮೆನ್ ಅಂದುಬಿಟ್ಟರು

ಕಲ್ಲಿದ್ದಲು ಗಣಿಯಲ್ಲಿ ಕಿಡಿ ತಗುಲಿದರೆ ಸಿಡಿಯುವ ಅನಿಲಕ್ಕೆ ವಾಸನೆ ಇಲ್ಲ. ಅದರ ಸುಳಿವು ಹಿಡಿಯುವುದು ಗಣಿಯವನ ದೀಪ: ಜ್ವಾಲೆ ಉದ್ದವಾಗಿ ತುದಿಯಲ್ಲಿ ನೀಲಿ ಏರುತ್ತದೆ.

ಇಂಗ್ಲಿಷರ ನಾಡಿನ ಡರ್ಹಮ್ ಕಡೆಯ ಗಣಿಹಳ್ಳಿ. ಶನಿವಾರ ಸಂಜೆ ಕತ್ಬರ್ಟ್ ಹೆಪಲ್ ಒಲೆ ಮುಂದೆ ಮೈ ತೊಳೆಯುತ್ತಿದ್ದ. ಬೆನ್ನಿಗೆ ಮಾತ್ರ ನೀರು ಸೋಕಿಸಲಿಲ್ಲ. ತೊಳೆದರೆ ಬೆನ್ನಿನ ಬಲ ಹೋಗುತ್ತದಂತೆ.

"ಮೂರು ದಿನದಿಂದ ನೀಲಿ ಏರ್ತಾನೇ ಇದೆ ಕಣೇ."

"ಮೇಸ್ತ್ರಿಗೆ ಹೇಳಿದ್ಯಾ?" ಹೆಂಡತಿ ಟೇಮರ್ ಕೇಳಿದಳು.

"ಹೇಳ್ದೆ. ಹೆದರಿಕೆ ಆದ್ರೆ ಮನೆ ಖಾಲಿ ಮಾಡು ಅಂದ. ನೀನು ಬಾಯಿ ಬಿಡಬೇಡ."

ಮನೆ ಗಣಿ ಯಜಮಾನನದು. ಆದರೆ ಬಾಯಿ ಟೇಮರಳದು. ಗುಡಿಸಲಿನಂಥ ಪ್ರಾರ್ಥನಾಮಂದಿರದಲ್ಲಿ ಅವಳು ವಾರವಾರ ಉಪದೇಶ ಮಾಡುತ್ತಿದ್ದಳು. ಅವಳ ಪಂಥದವರಿಗೆ ಊರು ಇಟ್ಟ ಹೆಸರು 'ರ‍್ಯಾಂಟರ್'. ಅಂದರೆ ಒದರುವವರು, ಹಿಡಿತವಿಲ್ಲದೆ ಅರಚುವವರು. ಬಹಳ ಅನುಕೂಲದ ಪದ. ಅದನ್ನು ಅಂಟಿಸಿದರೆ ಸಾಕು, ಹೇಳಿದ್ದನ್ನು ಕೇಳಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ಯಜಮಾನ ಕಿರುಚಿದರೆ ಅದು ಅಪ್ಪಣೆ. ಕಲ್ಲಿದ್ದಲು ಅಗೆಯುವವನ ಹೆಂಡತಿ ಕಿರುಚಿದರೆ ರ‍್ಯಾಂಟ್.

ಭಾನುವಾರ ಟೇಮರ್ ಎದ್ದು ನಿಂತಳು. "ನಾಳೆ ಯಾರೂ ಇಳೀಬೇಡಿ! ಕೆಳಗೆ ಬೆಂಕಿ ಕಾಯ್ತಿದೆ!"

"ಆಮೆನ್!"

"ಅಯ್ಯೋ, ನರಕ ಅಲ್ರಪ್ಪಾ! ನಮ್ಮ ಗಣಿ! ಉತ್ತರದ ಸುರಂಗ!"

"ಹಲ್ಲೆಲೂಯ! ಹೇಳು ಟೇಮರಕ್ಕಾ, ಹೇಳು!"

ಹಿಂದಿನ ಉಪದೇಶಗಳಲ್ಲಿ ನರಕದ ಬೆಂಕಿಯನ್ನು ಅಷ್ಟು ಚೆನ್ನಾಗಿ ತೋರಿಸಿದ್ದಳು ಅವಳು, ಇದೂ ಅದೇ ಅಂದುಕೊಂಡರು. ಮುದುಕಿಯೊಬ್ಬಳು ಕಣ್ಣೀರಿಟ್ಟು ಹಾಡು ಎತ್ತಿದಳು. ಎಲ್ಲರೂ ದನಿಗೂಡಿಸಿದರು. ಟೇಮರಳ ಕೂಗು ಆ ಹಾಡಿನೊಳಗೇ ಮುಳುಗಿತು.

ಅಲ್ಲಿಂದ ಮೇಸ್ತ್ರಿ ನಿಕ್ಸನ್‌ನ ಬಾಗಿಲಿಗೆ ಓಡಿದಳು. ಅವನು ಬಾಗಿಲು ಪೂರ್ತಿ ತೆರೆಯಲೂ ಇಲ್ಲ. "ಏನು ಹೆಪಲಮ್ಮ, ಅಲ್ಲಿ ಒದರಿದ್ದು ಸಾಲಲಿಲ್ವಾ? ಹಿತ್ತಲಲ್ಲಿ ನನ್ನ ನಾಯಿ ಇದೆ, ಒದರೋಕೆ ಜೊತೆ ಕೊಡುತ್ತೆ, ಹೋಗಿ."

ಸೋಮವಾರ ಕತ್ಬರ್ಟ್ ಬೂಟು ಹಾಕಿದ. ಟೇಮರ್ ಬಾಗಿಲಿಗೆ ಅಡ್ಡ ನಿಂತಳು.

"ಹೋಗಬೇಡ ಮಾರಾಯ."

"ಹೋಗದಿದ್ರೆ ಬೀದಿಗೆ ಬೀಳ್ತೀವಿ. ಸರಿ ಆಚೆ."

ಅವಳು ಸರಿದಳು.

ಹತ್ತು ಗಂಟೆಗೆ ನೆಲ ಎರಡು ಸಲ ನಡುಗಿತು. ಮೂವತ್ತೊಂದು ಮಂದಿ ಗಂಡಸರು ಗಣಿಯೊಳಗೇ ಸತ್ತರು, ಕತ್ಬರ್ಟನೂ.

ಸಾವಿನ ವಿಚಾರಣೆಯಲ್ಲಿ ನಿಕ್ಸನ್ ಕೈ ಕಟ್ಟಿಕೊಂಡು ಹೇಳಿದ: "ಮುಂಚೆ ಯಾರೂ ಏನೂ ಹೇಳಲಿಲ್ಲ ಸ್ವಾಮಿ." ಟೇಮರ್ ಎದ್ದಳು. ಗುಮಾಸ್ತ ಅಧಿಕಾರಿಯ ಕಿವಿಯಲ್ಲಿ ಒಂದೇ ಪದ ಉಸುರಿದ. ಅವಳನ್ನು ಕೂರಿಸಿದರು.

ನಿಮ್ಮ ಬೀದಿಯಲ್ಲೂ ಒಬ್ಬಳು ಒದರುತ್ತಿದ್ದಾಳೆ. ಅವಳಿಗೆ ಹೆಸರಿಡಬೇಡಿ. ಏನು ಹೇಳುತ್ತಿದ್ದಾಳೆ ಅಂತ ಇವತ್ತೇ ಹೋಗಿ ಕೇಳಿ.