ಎತ್ತಿ ತಳ್ಳಬೇಕಾದ ಬಾಗಿಲು

ನಮ್ಮಪ್ಪ ಮರಗೆಲಸದವರು. ಅವರು ಸರಿ ಮಾಡದೆ ಬಿಟ್ಟ ಬಾಗಿಲು ಇಡೀ ಬೀದಿಯಲ್ಲಿ ಒಂದೇ ಒಂದು, ಅದು ನಮ್ಮ ಮನೆಯದು. ಕೀಲು ಸಡಿಲವಾಗಿ ನೆಲಕ್ಕೆ ಕಚ್ಚಿಕೊಂಡಿತ್ತು. ಹಿಡಿಕೆ ಹಿಡಿದು ಎರಡು ಬೆರಳಷ್ಟು ಮೇಲೆತ್ತಿ, ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುತ್ತಿತ್ತು. ಮರಗೆಲಸದವನ ಮನೆ ಬಾಗಿಲು ಅದು! ಬಂದ ನೆಂಟರು ಹೊರಗೆ ನಿಂತು ಒದ್ದಾಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಈ ಭಾನುವಾರ ಖಂಡಿತ," ಅನ್ನುತ್ತಿದ್ದರು ಅಪ್ಪ. ಅದೂ ನೆಟ್ಟಗೆ ಕೇಳಿಸುತ್ತಿರಲಿಲ್ಲ, ಬಾಯಲ್ಲಿ ಸದಾ ನಾಲ್ಕು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದರು. ಭಾನುವಾರ ಬೆಳಗಾದರೆ ಗೇಟಿನ ಹತ್ತಿರ ಯಾರೋ ಹಾಜರು. ಯಾರದೋ ಮಂಚದ ಕಾಲು ಮುರಿದಿದೆ, ಯಾರದೋ ಕಿಟಕಿ ಮುಚ್ಚುತ್ತಿಲ್ಲ. ಅಪ್ಪ ಕೈಯಲ್ಲಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದರು. ಸುಮ್ಮನೆ ಕೂತು ಗೊತ್ತಿದ್ದ ಮನುಷ್ಯನೇ ಅಲ್ಲ.

ಒಂದು ಸಲ ನಮ್ಮ ಊಟದ ಮೇಜನ್ನೇ ಹೊತ್ತುಕೊಂಡು ಹೋದರು. ಹಿಂದಿನ ಬೀದಿಯ ದರ್ಜಿಯ ಮಗಳಿಗೆ ಪರೀಕ್ಷೆಗೆ ಓದಲು ಮೇಜಿರಲಿಲ್ಲವಂತೆ. "ನಮಗೆ ಇನ್ನೊಂದು ಮಾಡ್ಕೊಂಡ್ರಾಯ್ತು," ಅಂದರು. ಆ ಇನ್ನೊಂದು ಬರುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಆ ಹುಡುಗಿ ಪಾಸಾಗಿ ಕೆಲಸಕ್ಕೂ ಸೇರಿದಳು, ನಾವಿನ್ನೂ ನೆಲದ ಮೇಲೇ ಕೂತು ಉಣ್ಣುತ್ತಿದ್ದೆವು. ಅಮ್ಮ ಅಷ್ಟೂ ದಿನ ಬಡಿಸುತ್ತ ಬೈದಳು, ಅಪ್ಪ ಅಷ್ಟೂ ದಿನ ತಲೆ ಬಗ್ಗಿಸಿ ಹೊಟ್ಟೆ ತುಂಬ ಉಂಡರು.

ಹಾಗಂತ ನಮ್ಮನ್ನು ಮರೆತವರಲ್ಲ. ನನ್ನನ್ನು ಓದಿಸಲು ಹಗಲು ಕಾರ್ಖಾನೆಯಲ್ಲಿ ಮರದ ಪೆಟ್ಟಿಗೆ ಜೋಡಿಸಿದರು, ಸಂಜೆ ಹೊಸ ಕಟ್ಟಡಗಳಲ್ಲಿ ಬಾಗಿಲು ಕೂರಿಸಿದರು. ಮನೆಗೆ ಬಂದರೂ ಕೈಗೆ ಬಿಡುವಿಲ್ಲ. ನಾನು ಓದುತ್ತಿದ್ದರೆ ಪಕ್ಕದಲ್ಲೇ ಕೂತು ಯಾವುದೋ ಮರದ ತುಂಡನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. "ಸದ್ದಾಗುತ್ತೆ ಅಪ್ಪಾ," ಅಂದರೆ ನಿಲ್ಲಿಸಿ, ಐದು ನಿಮಿಷಕ್ಕೆ ಮತ್ತೆ ಶುರು ಮಾಡುತ್ತಿದ್ದರು.

ಹೋದದ್ದೂ ಕೆಲಸದ ನಡುವೆಯೇ. ಯಾರದೋ ಮನೆಯ ಚೌಕಟ್ಟು ಕೂರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ.

ಆಮೇಲೆ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. "ನನ್ನ ಜೊತೆ ಬಂದ್ಬಿಡು," ಅಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನನಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ, ಏನಾದರೂ ಮಾಡುತ್ತಿರಬೇಕು, ಇಲ್ಲವಾದರೆ ಅಳು ಉಕ್ಕಿ ಬರುತ್ತಿತ್ತು. ಅಮ್ಮ ಇಲ್ಲೇ ಇರುವುದಾದರೆ ಮನೆಯಾದರೂ ನೆಟ್ಟಗಿರಲಿ ಅನ್ನಿಸಿತು. ಅವಳನ್ನು ನಾಲ್ಕು ದಿನ ಚಿಕ್ಕಮ್ಮನ ಮನೆಗೆ ಕಳಿಸಿ, ರೇಡಿಯೋ ಮಾಮನಿಗೆ ಫೋನ್ ಮಾಡಿದೆ. ಅಪ್ಪನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು.

ಡಬ್ಬಿಗಳು ಜಾರುತ್ತಿದ್ದ ಅಡುಗೆಮನೆಯ ಹಲಗೆ, ಹಗ್ಗದಲ್ಲಿ ಕಟ್ಟಿಡುತ್ತಿದ್ದ ಕಿಟಕಿ, ಕುಂಟುವ ಸ್ಟೂಲು, ಎಲ್ಲವೂ ಮಾಮನ ಮಾತಿನ ಜೊತೆಜೊತೆಗೇ ಸರಿಯಾಗುತ್ತ ಬಂದವು. ಬಾಗಿಲಿನ ಮುಂದೆ ಬಂದಾಗ ಮಾತ್ರ ಅವರ ಮಾತು ನಿಂತಿತು.

"ಇದನ್ನೂ ಮಾಡ್ಬೇಕಾ? ಅತ್ತಿಗೇನ ಒಂದು ಮಾತು ಕೇಳಿದ್ಯೇನಮ್ಮ?"

"ಅಮ್ಮ ಇಷ್ಟು ವರ್ಷದಿಂದ ಬಡ್ಕೊಳ್ತಿರೋದೇ ಇದಕ್ಕೆ ಮಾಮ. ಮಾಡಿ ನೀವು."

ನಾಲ್ಕನೇ ದಿನ ಮಧ್ಯಾಹ್ನ ಅಮ್ಮ ಬಂದಳು. ಕೈಚೀಲ ಕೆಳಗಿಟ್ಟು, ಹಿಡಿಕೆ ಎತ್ತಿ, ಭುಜ ಕೊಟ್ಟು ತಳ್ಳಿದಳು. ಬಾಗಿಲು ಸಲೀಸಾಗಿ ತೆರೆದುಕೊಂಡಿತು, ಅಮ್ಮನೂ ಅದರ ಜೊತೆಗೇ ಒಳಗೆ ಬಂದು ಬಿದ್ದಳು. ನನಗೆ ಒಂದು ಗಳಿಗೆ ನಗು ಬಂತು. ಅವಳ ಮುಖ ನೋಡಿ ಸುಮ್ಮನಾದೆ.

"ಯಾರು ಮಾಡಿದ್ದು ಇದನ್ನ?"

"ರೇಡಿಯೋ ಮಾಮ. ನಾನೇ ಹೇಳಿ ಮಾಡಿಸ್ದೆ."

ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಹಲಗೆ ಮುಟ್ಟಿದಳು. ಕಿಟಕಿಯಲ್ಲಿ ಹಗ್ಗ ತಡಕಿದಳು, ಸಿಗಲಿಲ್ಲ. ಸ್ಟೂಲು ಅಲ್ಲಾಡಿಸಿದಳು, ಅಲ್ಲಾಡಲಿಲ್ಲ. ಮತ್ತೆ ಬಾಗಿಲಿಗೆ ಬಂದಳು. ನಾನು ಅವಳ ಹಿಂದೆ ಹಿಂದೆಯೇ ಸುತ್ತಿದೆ.

"ಏನಾಯ್ತಮ್ಮ? ದಿನಾ ಗೋಳಾಡ್ತಿದ್ದೋಳು ನೀನೇ ತಾನೆ?"

"ಹೂಂ ಕಣೆ, ನಾನೇ. ಅವರು ಹೋದ್ಮೇಲೂ ಬೈತಿದ್ದೆ. ಬಾಗಿಲು ಎತ್ತುವಾಗೊಂದ್ಸಲ, ಕಿಟಕಿ ಕಟ್ಟುವಾಗೊಂದ್ಸಲ. ಇಲ್ಲೇ ಎಲ್ಲೋ ಸ್ಕ್ರೂ ಕಚ್ಕೊಂಡು ಕೇಳಿಸ್ಕೊಳ್ತಿದಾರೆ ಅನ್ಸೋದು." ಸೊಂಟದ ಮೇಲೆ ಕೈಯಿಟ್ಟು ಮನೆಯನ್ನೆಲ್ಲ ಒಮ್ಮೆ ನೋಡಿದಳು. "ಈಗ ಯಾವ ನೆಪ ಇಟ್ಕೊಂಡು ಅವರನ್ನ ಮಾತಾಡಿಸ್ಲಿ?"

ಅಪ್ಪನ ಮೇಲಿನ ನನ್ನ ಹಳೇ ಸಿಟ್ಟನ್ನೆಲ್ಲ ಬಾಗಿಲು ಕಿಟಕಿಗಳ ಮೇಲೆ ತೀರಿಸಿಕೊಂಡು ಅಮ್ಮನಿಗೆ ಉಳಿದಿದ್ದ ಅಪ್ಪನನ್ನೂ ಇಲ್ಲವಾಗಿಸಿದ್ದೆ. ಸರಿಯಾಗದೆ ಉಳಿದದ್ದು ಒಂದಾದರೂ ಇರಲಿ ಅಂತ ಮನೆಯನ್ನೆಲ್ಲ ಜಾಲಾಡಿದೆ. ಮಂಚ ಅಲ್ಲಾಡಿಸಿದೆ, ಚಿಲಕಗಳನ್ನು ಎಳೆದೆ. ಹಾಳಾದ ಮಾಮ ಎಲ್ಲವನ್ನೂ ಭದ್ರ ಮಾಡಿಟ್ಟಿದ್ದರು. ಕೊನೆಗೆ ಅಮ್ಮ ಬಟ್ಟೆ ಇಡುವ ಬೀರುವಿನ ಕೆಳಗಿನ ಡ್ರಾಯರ್ ಎಳೆದೆ. ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಮಾಮ ಮರೆತರೋ, ಬೇಕೆಂದೇ ಬಿಟ್ಟರೋ, ನಾನು ಇವತ್ತಿಗೂ ಕೇಳಿಲ್ಲ.

"ಅಮ್ಮಾ, ಇಲ್ಲಿ ಬಾ."

ಅಮ್ಮ ಬಂದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬಿದ್ದು ಎದ್ದಾಗಿನಿಂದ ನಿಂತೇ ಇದ್ದವಳು ಆಗ ಡ್ರಾಯರಿನ ಮುಂದೆ ನೆಲದ ಮೇಲೆ ಕೂತಳು.

"ನೋಡಿದ್ರಾ ರೀ," ಅಂದಳು. "ಊರೋರ ಮನೆಗೆಲ್ಲ ಓಡ್ತೀರಿ. ಕಟ್ಕೊಂಡ ಹೆಂಡ್ತಿ ಕೇಳಿದ್ರೆ ಮಾತ್ರ ಭಾನುವಾರ. ಯಾವ ಭಾನುವಾರ ರೀ? ಹೇಳಿ, ಯಾವ ಭಾನುವಾರ?"

ನಾನು ಅವಳ ಪಕ್ಕದಲ್ಲಿ ಹೋಗಿ ಕೂತೆ.

"ಬೈಯಮ್ಮ," ಅಂದೆ. "ನನ್ನ ಪಾಲಿಂದೂ ಸೇರಿಸಿ ಬೈ."