ಮಿಡತೆಯ ಎಡಗಾಲು

ಅವಳಿಗೆ ಮಿಡತೆ ಎಂದು ಹೆಸರಿಟ್ಟವನು ರೇಸಿನ ಮೈಕಿನವನು. ಮಣ್ಣಿನ ದಿಬ್ಬಗಳ ಮೇಲಿಂದ ಬೈಕು ಹಾರಿಸುವ ಆ ಆಟದಲ್ಲಿ, ಒಣಕಲು ಮೈಯ ಹುಡುಗಿಯೊಬ್ಬಳು ಗಂಡಸರೆಲ್ಲರಿಗಿಂತ ಎತ್ತರಕ್ಕೆ ಗಾಡಿ ಎಬ್ಬಿಸಿದ್ದು ಕಂಡು, "ಇದೇನ್ರೀ ಇದು, ಹುಡುಗೀನೋ ಮಿಡತೇನೋ!" ಎಂದು ಕಿರುಚಿಬಿಟ್ಟಿದ್ದ. ಅದೇ ಅಂಟಿಕೊಂಡಿತು. ಅಪ್ಪ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಮಿಡತೆ ಎಂದೇ ಕರೆಯುತ್ತಿದ್ದರು.

ಅಪ್ಪನದು ಗಾಡಿಗಳಿಗೆ ಸೀಟು ಹೊಲಿಯುವ ಅಂಗಡಿ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ, ರೆಕ್ಸಿನ್ ಸುರುಳಿಗಳ ನಡುವೆ, ಗೋಂದಿನ ವಾಸನೆಯಲ್ಲಿ ಬೆಳೆದಳು. ಹೊಸ ಸೀಟು ಹಾಕಿಸಿಕೊಂಡ ಬೈಕುಗಳು ಬಾಗಿಲಲ್ಲಿ ಸಾಲಾಗಿ ನಿಂತಿರುತ್ತಿದ್ದವು. "ಸೀಟು ಸರಿಯಾಗಿ ಕೂತಿದೆಯಾ ಅಂತ ಒಂದು ಸುತ್ತು ನೋಡ್ಕೊಂಡು ಬರ್ತೀನಪ್ಪಾ" ಎಂದು ಶುರುವಾದದ್ದು ಇಟ್ಟಿಗೆ ಭಟ್ಟಿಯ ಹಿಂದಿನ ಮಣ್ಣುಗುಡ್ಡೆಗಳವರೆಗೂ ಹೋಯಿತು. ಗಿರಾಕಿ ಬಂದು ನೋಡಿದರೆ ಮೇಲೆ ಫಳಫಳ ಸೀಟು, ಕೆಳಗೆ ಕೆಸರು ಮೆತ್ತಿದ ಚಕ್ರ. ಅಪ್ಪ ಬೈದರು, ಕೀಲಿಕೈ ಬಚ್ಚಿಟ್ಟರು, ಕೊನೆಗೆ ಸೋತು ಉಳಿದ ಸ್ಪಂಜಿನ ಚೂರುಗಳಿಂದ ತಾವೇ ಅವಳಿಗೊಂದು ಜೊತೆ ಮೊಣಕಾಲು ಕವಚ ಹೊಲಿದುಕೊಟ್ಟರು.

ಗಂಡ ಸಿಕ್ಕಿದ್ದೂ ಆ ಮಣ್ಣಿನಲ್ಲೇ. ಅವನು ಮೆಕ್ಯಾನಿಕ್. ಮೊದಲ ಸಲ ಮಾತಾಡಿಸಿದಾಗ ಅವನು ಕೇಳಿದ್ದು, "ನಿಮ್ಮ ತೂಕ ಎಷ್ಟು?" ಅವಳು ಹೆಲ್ಮೆಟ್ ಎತ್ತಿ ಹೊಡೆಯಲು ಹೋಗಿದ್ದಳು. "ಅಯ್ಯೋ, ಸ್ಪ್ರಿಂಗು ಸೆಟ್ ಮಾಡೋಕೆ ಕಣ್ರೀ" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವನು ಸರಿಮಾಡಿಕೊಟ್ಟ ಸ್ಪ್ರಿಂಗಿನ ಮೇಲೆ ಅವಳು ಆ ವರ್ಷ ಒಂದೂ ರೇಸು ಸೋಲಲಿಲ್ಲ. ಮುಂದಿನ ವರ್ಷ ಮದುವೆಯಾಯಿತು. ಎರಡನೇ ಮಹಡಿಯ ಪುಟ್ಟ ಮನೆ, ಜೊತೆಗೆ ಅವನ ತಾಯಿ. ಅತ್ತೆ ಸೊಸೆಯ ರೇಸನ್ನು ಒಂದು ದಿನವೂ ನೋಡಿದವರಲ್ಲ. ರೇಸಿನ ದಿನ ಫೋನು ಆರಿಸಿಟ್ಟು ಮಂಚದ ಕೆಳಗಿನ ಕಸವನ್ನೆಲ್ಲ ಗುಡಿಸುತ್ತಿದ್ದರು. ಬೈಕಿನ ಸದ್ದು ಕೆಳಗೆ ಬೀದಿಯಲ್ಲಿ ಕೇಳಿದ ಮೇಲೆಯೇ ಪೊರಕೆ ಕೆಳಗಿಡುತ್ತಿದ್ದದ್ದು.

ಬಿದ್ದದ್ದು ರೇಸಿನಲ್ಲಾದರೂ ಆಗಿದ್ದರೆ ಹೇಳಿಕೊಳ್ಳಲಿಕ್ಕೆ ಒಂದು ಕತೆ ಇರುತ್ತಿತ್ತು. ಬಿದ್ದದ್ದು ಒಂದು ಸಾಧಾರಣ ಮಧ್ಯಾಹ್ನ, ಅಭ್ಯಾಸದಲ್ಲಿ, ನಿದ್ದೆಗಣ್ಣಲ್ಲೂ ದಾಟಬಹುದಾದ ಒಂದು ತಿರುವಿನಲ್ಲಿ. ತಿರುವಿನಲ್ಲಿ ಒಳಗಿನ ಕಾಲನ್ನು ಮುಂದಕ್ಕೆ ಚಾಚುವುದು ಎಲ್ಲರೂ ಮಾಡುವುದೇ. ಮೊದಲು ಹೋದ ಬೈಕುಗಳ ಚಕ್ರ ಕೊರೆದ ಹಳ್ಳವೊಂದು ಒಣಗಿ ಕಲ್ಲಾಗಿತ್ತು. ಅವಳ ಎಡಗಾಲಿನ ಬೂಟು ಅದರೊಳಗೆ ಸಿಕ್ಕಿಕೊಂಡಿತು. ಬೈಕು ಮಾತ್ರ ನಿಲ್ಲಲಿಲ್ಲ. ಗಾಡಿಯ ಭಾರ, ಅವಳ ಭಾರ, ವೇಗ ಎಲ್ಲವೂ ಆ ಒಂದು ಮೊಣಕಾಲಿನ ಮೇಲೆ ಬಿತ್ತು.

ಸ್ಪ್ಯಾನರ್ ಹಿಡಿದು ದೂರದಲ್ಲಿ ನಿಂತಿದ್ದ ಗಂಡ ಮೊದಲು ಅವಳು ಬೂಟಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಕೈಯನ್ನೂ ಬೀಸಿದ. ಆಮೇಲೆ ಬೂಟಿನ ಮೂತಿ ಯಾವ ಕಡೆಗೆ ತಿರುಗಿದೆ ಎಂಬುದು ಕಂಡಿತು, ಸ್ಪ್ಯಾನರ್ ಬಿಸಾಡಿ ಓಡಿದ. ಅವಳು ಅಳುತ್ತಿರಲಿಲ್ಲ. "ಬೂಟು ಕತ್ತರಿಸಬೇಡ, ಹೊಸದು" ಎಂದಳು. ಆಸ್ಪತ್ರೆಯಲ್ಲಿ ಕತ್ತರಿಸಿಯೇ ತೆಗೆದರು.

ಆಪರೇಷನ್ ಮಾಡಿದ ಡಾಕ್ಟರಮ್ಮ ನೇರ ಮಾತಿನವರು. ತಮ್ಮ ಮುಷ್ಟಿಯನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. "ಮೊಣಕಾಲಿನ ಕೆಳಗಿರೋ ಎಲುಬಿನ ತಲೆ ಒಂದು ಚಪ್ಪಟೆ ಮೇಜು ಅಂದ್ಕೊಳ್ಳಿ. ತೊಡೆ ಎಲುಬು ಅದರ ಮೇಲೆ ಕೂರುತ್ತೆ. ನಿಮ್ಮ ಮೇಜು ಚೂರಾಗಿ, ಒಂದು ಪಕ್ಕ ಪೂರ್ತಿ ಕುಸಿದಿದೆ. ಎತ್ತಿ, ಪ್ಲೇಟು ಸ್ಕ್ರೂ ಹಾಕಿ ನಿಲ್ಲಿಸಿದೀನಿ. ಮೂರು ತಿಂಗಳು ಕಾಲು ನೆಲಕ್ಕೆ ತಾಗಿಸೋ ಹಾಗಿಲ್ಲ."

"ಆಮೇಲೆ?" ಎಂದು ಕೇಳಿದ್ದು ಅವಳಲ್ಲ, ಗಂಡ.

"ಆಮೇಲೆ ನೋಡೋಣ."

ಆ 'ನೋಡೋಣ'ವನ್ನು ಗಂಡ ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ಅವಳು ಅದರ ಇನ್ನೊಂದು ಮಗ್ಗುಲನ್ನು ಆಗಲೇ ಕೇಳಿಸಿಕೊಂಡಿದ್ದಳು.

ಎರಡನೇ ಮಹಡಿಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅಂದಿನಿಂದ ಲೋಕವೆಂದರೆ ಮಂಚ, ಕಿಟಕಿ, ಬಚ್ಚಲು. ಬಚ್ಚಲಿಗೆ ಹೋಗುವುದೇ ಒಂದು ದಂಡಯಾತ್ರೆ. ಅತ್ತೆ ಮಾತ್ರ ಯಾವ ರಂಪವನ್ನೂ ಮಾಡಲಿಲ್ಲ. ಮೊದಲ ದಿನ ಸ್ಟೂಲಿನ ಮೇಲೆ ಕೂರಿಸಿ, ಕಾಲಿಗೆ ಪ್ಲಾಸ್ಟಿಕ್ ಸುತ್ತಿ, ಬೆನ್ನಿಗೆ ನೀರು ಹಾಕುತ್ತ ಹೇಳಿದರು, "ಮೊಮ್ಮಗೂಗೆ ಸ್ನಾನ ಮಾಡಿಸೋಣ ಅಂತ ಕಾಯ್ತಿದ್ದೆ ಕಣೇ. ಇಷ್ಟು ದೊಡ್ಡ ಕೂಸು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಬಿಕ್ಕಿದಳು. ಬಿದ್ದ ಮೇಲೆ ಅತ್ತದ್ದು ಅದೇ ಮೊದಲು. ಅತ್ತೆ ತಲೆಯ ಮೇಲೆ ಇನ್ನೊಂದು ಚೊಂಬು ನೀರು ಹೊಯ್ದರು. ಕಣ್ಣೀರು ಯಾವುದು, ಸ್ನಾನದ ನೀರು ಯಾವುದು ಎಂದು ಯಾರಿಗೂ ಗೊತ್ತಾಗದ ಹಾಗೆ.

ಕಾಲನ್ನು ನೆಲಕ್ಕೂರುವ ದಿನ ಬಂದಾಗ ಆ ಕಾಲು ಅವಳದಾಗಿ ಉಳಿದಿರಲಿಲ್ಲ. ತೊಡೆ ಸೊರಗಿ ತೋಳಿನಷ್ಟಾಗಿತ್ತು. ಮೊಣಕಾಲು ಮಡಚುತ್ತಲೇ ಇರಲಿಲ್ಲ. ಕಾಲಿನ ವ್ಯಾಯಾಮ ಮಾಡಿಸುವವನೊಬ್ಬನ ಕೋಣೆಗೆ ದಿನಾ ಹೋಗಬೇಕಾಯಿತು. ಅಲ್ಲಿಗೆ ಬರುವವರು ಅವನನ್ನು ಬೆನ್ನ ಹಿಂದೆ ಯಮಣ್ಣ ಎನ್ನುತ್ತಿದ್ದರು. ಮಾತು ಬೆಣ್ಣೆ, ಕೈ ಇಕ್ಕಳ. "ಸ್ವಲ್ಪಾನೇ ಅಕ್ಕ, ಇನ್ನು ಸ್ವಲ್ಪಾನೇ" ಎನ್ನುತ್ತಲೇ ಹಿಮ್ಮಡಿಯನ್ನು ಹಿಂದಕ್ಕೆ ಒತ್ತುತ್ತಿದ್ದ. ಒಳಗೆ ಏನೋ ಒಣ ಬಟ್ಟೆ ಹರಿದಂತಾಗುತ್ತಿತ್ತು. ಅವಳು ಟವೆಲ್ಲನ್ನು ಕಚ್ಚಿ ಹಿಡಿಯುತ್ತಿದ್ದಳು. ಮನೆಗೆ ಬಂದು ಅವನು ಹೇಳಿದ್ದಕ್ಕೆ ದುಪ್ಪಟ್ಟು ಮಾಡುತ್ತಿದ್ದಳು. ಬೆಳಗಾದರೆ ಮೊಣಕಾಲು ಊದಿ ಕುಂಬಳಕಾಯಿಯಾಗಿರುತ್ತಿತ್ತು. "ಹಟ ಮಾಡಬೇಡಿ ಅಕ್ಕ, ಹಟಕ್ಕೆ ಬಗ್ಗೋ ಪೈಕಿ ಅಲ್ಲ ಇದು" ಎಂದ ಯಮಣ್ಣ ಒಂದು ದಿನ. ಆಗ ಅವನ ಸ್ವರದಲ್ಲಿ ಬೆಣ್ಣೆ ಇರಲಿಲ್ಲ.

ಕೀಲಿನೊಳಗೆ ಬೆಳೆದ ಬಿಗುವನ್ನು ಬಿಡಿಸಲು ಮತ್ತೊಂದು ಆಪರೇಷನ್ ಆಯಿತು. ಸ್ವಲ್ಪ ಬಗ್ಗಿತು. ಕುರ್ಚಿಯ ಮೇಲೆ ಕಾಲು ಚಾಚದೆ ಕೂರುವಷ್ಟು. ಅಲ್ಲಿಗೆ ನಿಂತಿತು.

ಮುಂದಿನ ಸಲ ಡಾಕ್ಟರಮ್ಮನ ಬಳಿಗೆ ಅವಳು ಒಬ್ಬಳೇ ಹೋದಳು. ಗಂಡನಿಗೆ ಯಮಣ್ಣನ ಹತ್ತಿರ ಹೋಗುತ್ತೇನೆಂದು ಹೇಳಿದ್ದಳು.

"ಮತ್ತೆ ಹಾರ್ತೀನಾ ಮೇಡಂ?"

"ನಡೀತೀರಿ. ಕೋಲಿಲ್ಲದೆ ನಡೀತೀರಿ."

"ನಾನು ಕೇಳಿದ್ದು ಅದಲ್ಲ."

"ಗೊತ್ತು." ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲುಬಿನ ಮೇಲಿದ್ದ ನುಣುಪು ಪದರ ಹೋಗಿದೆ, ಅದು ವಾಪಸ್ ಬರಲ್ಲ. ಈಗಲೇ ಸವೀತಾ ಇದೆ. ಇನ್ನೊಂದು ಹತ್ತು ವರ್ಷ ತಳ್ಳಿದ್ರೆ ಮಂಡಿಯನ್ನೇ ಬದಲಾಯಿಸಬೇಕಾಗುತ್ತೆ. ಒಂದೇ ಒಂದು ಸಲ ಎತ್ತರದಿಂದ ಬಿದ್ರೂ ಆ ಹತ್ತು ವರ್ಷಾನೂ ಇರಲ್ಲ. ನಿಮ್ಮ ಮನೆಯವರಿಗೆ ನಾನೇ ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ."

ಹೇಳಬೇಕೆಂದೇ ವರ್ಕ್‌ಶಾಪಿಗೆ ಹೋದಳು. ಅಲ್ಲಿ ಗಂಡ ಅವಳ ಬೈಕನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಕಾಲಿಡುವ ಎಡಗಡೆಯ ಮೆಟ್ಟನ್ನು ಕತ್ತರಿಸಿ ಎರಡು ಬೆರಳು ಕೆಳಗೆ ಬೆಸುಗೆ ಹಾಕುತ್ತಿದ್ದ. ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜು ಸರಿಸಿ ನೋಡಿದ. ಇಡೀ ಮುಖ ನಗುತ್ತಿತ್ತು.

"ಸರಿಯಾದ ಹೊತ್ತಿಗೆ ಬಂದೆ ನೋಡು. ಮೆಟ್ಟು ಕೆಳಗಿಳಿದ್ರೆ ಮೊಣಕಾಲು ಅಷ್ಟು ಬಗ್ಗೋದೇ ಬೇಡ. ಗೇರು ಪೆಡಲ್ಲನ್ನೂ ಉದ್ದ ಮಾಡಿದೀನಿ. ನಿಮ್ಮಪ್ಪಂಗೆ ಹೇಳಿದೀನಿ, ಎತ್ತರದ ಸೀಟು ಹೊಲೀತಾ ಇದಾರೆ. ಕಾಲು ಬಗ್ಗಲಿಲ್ಲ ಅಂದ್ರೆ ಗಾಡೀನೇ ಬಗ್ಗಿಸೋದು ಕಣೆ!"

ಅವಳು ಬಾಯಿ ತೆರೆದಳು. ಬಂದ ಮಾತು, "ಕೈಗೆ ಗ್ಲೌಸ್ ಹಾಕ್ಕೊಂಡು ವೆಲ್ಡ್ ಮಾಡೋ, ಸುಟ್ಟುಕೊಳ್ತೀಯ."

ಆಮೇಲಿನ ವಾರಗಳು ಬಿದ್ದ ದಿನಕ್ಕಿಂತ ಕಷ್ಟದವು. ತನ್ನ ನಿರಾಸೆಯೊಂದನ್ನೇ ಹೊರುವುದಾಗಿದ್ದರೆ ಹೇಗೋ ಹೊರುತ್ತಿದ್ದಳು. ಮನೆತುಂಬ ಓಡಾಡುತ್ತಿದ್ದದ್ದು ಬೇರೆಯವರ ಆಸೆ. ಅಪ್ಪ ಸ್ಪಂಜಿನ ಮೇಲೆ ಸ್ಪಂಜು ಅಂಟಿಸಿ, ಜಾರದಂಥ ದೊರಗು ರೆಕ್ಸಿನ್ ಹುಡುಕಿ ತಂದು, ಕಣ್ಣು ಮಂಜಾಗಿದ್ದರೂ ಎರಡೆಳೆ ಹೊಲಿಗೆ ಹಾಕಿದ ಸೀಟನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಗಂಡ ಊಟಕ್ಕೆ ಕೂತರೂ ಸ್ಪ್ರಿಂಗಿನ ಮಾತೇ. ಬೀದಿಯಲ್ಲಿ ಸಿಕ್ಕವರೆಲ್ಲ "ಏನಮ್ಮ ಮಿಡತೆ, ಯಾವಾಗ ಹಾರೋದು?" ಎನ್ನುವವರೇ. ಅವಳು ಎಲ್ಲರಿಗೂ "ಇನ್ನೇನು" ಎನ್ನುತ್ತಿದ್ದಳು. ಅತ್ತೆಯೊಬ್ಬರು ಏನೂ ಕೇಳುತ್ತಿರಲಿಲ್ಲ. ಒಂದು ಸಂಜೆ ಬಟ್ಟೆ ಮಡಚುತ್ತ, ತಲೆಯೆತ್ತದೆ, "ಅವನಿಗೆ ಹೇಳಿಬಿಡು ಕಣೇ. ತಡವಾದಷ್ಟೂ ಅವನಿಗೂ ಜಾಸ್ತಿ ನೋವು" ಎಂದರು. ಅವರಿಗೆ ಯಾರು ಹೇಳಿದರೆಂದು ಅವಳು ಕೇಳಲಿಲ್ಲ. ದಿನಾ ಆ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ ಕೈಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಆದರೂ ಹೇಳಲಾಗಲಿಲ್ಲ. ಒಂದು ಬೆಳಗ್ಗೆ ಗಂಡ ಬೈಕನ್ನು ಟೆಂಪೋಗೆ ಏರಿಸಿ ಕೆಳಗೆ ಹಾರ್ನ್ ಹೊಡೆದ. ಅವಳು ಹಳೆಯ ಉಡುಪು ತೊಟ್ಟು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಹಿಂದೆ ಒಳಗೆ ಅತ್ತೆ ಪೊರಕೆ ಕೈಗೆತ್ತಿಕೊಂಡ ಸದ್ದು ಕೇಳಿಸಿತು.

ಟ್ರ್ಯಾಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ಬೈಕು ಹಿಡಿದುಕೊಂಡ, ಅವಳು ಅವನ ಹೆಗಲೂರಿ ಹತ್ತಿದಳು. ಗಂಡನ ಲೆಕ್ಕ ತಪ್ಪಿರಲಿಲ್ಲ. ಕಾಲು ಮೆಟ್ಟಿನ ಮೇಲೆ ಹಿತವಾಗಿ ಕೂತಿತು, ಗೇರು ಬಿತ್ತು, ಅಪ್ಪನ ಸೀಟು ತಾಯಿಯ ಮಡಿಲಿನಂತಿತ್ತು. ಒಂದು ಸುತ್ತು ಮೆಲ್ಲಗೆ ಹೋದಳು. ಮಣ್ಣಿನ ವಾಸನೆ ಮೂಗಿಗೆ ಬಂದಾಗ ಎದೆಯೊಳಗೆ ಏನೋ ಎದ್ದು ನಿಂತಿತು. ಒಂದು ಗಳಿಗೆ ಅವಳಿಗೂ ಅನ್ನಿಸಿತು, ಡಾಕ್ಟರಮ್ಮನಿಗೇನು ಗೊತ್ತು.

ಎರಡನೇ ಸುತ್ತಿನಲ್ಲಿ ಎಲ್ಲಕ್ಕಿಂತ ಚಿಕ್ಕ ದಿಬ್ಬದ ಕಡೆಗೆ ತಿರುಗಿಸಿದಳು. ಹೊಸದಾಗಿ ಕಲಿಯಲು ಬಂದವರೂ ದಾಟುವ ದಿಬ್ಬ. ಗಂಡ ಅತ್ತ ಓಡಿಬಂದು ಎರಡೂ ಕೈ ಮೇಲೆತ್ತಿ ಹುರಿದುಂಬಿಸುತ್ತ ನಿಂತಿದ್ದ. ದಿಬ್ಬ ಹತ್ತಿರವಾಯಿತು. ಅವಳ ಕೈ ತಾನಾಗಿ ಬ್ರೇಕು ಹಿಡಿಯಿತು. ಹಿಂದಕ್ಕೆ ಹೋಗಿ ಮತ್ತೆ ಬಂದಳು. ಮತ್ತೆ ಕೈ ಬ್ರೇಕು ಹಿಡಿಯಿತು. ಮೂರನೆಯ ಸಲ ದಿಬ್ಬದ ಬುಡದಲ್ಲೇ ಬೈಕು ಆಫ್ ಆಗಿ ವಾಲಿತು, ಅವಳು ಅಭ್ಯಾಸಬಲದಿಂದ ಎಡಗಾಲೂರಿದಳು. ಭಾರ ಇಳಿಯುತ್ತಲೇ ಮೊಣಕಾಲು ಪಕ್ಕಕ್ಕೆ ಕುಸಿಯಿತು. ಬೈಕಿನ ಸಮೇತ ಅವಳು ನಿಂತ ಜಾಗದಲ್ಲೇ, ನಿಧಾನವಾಗಿ, ಚೀಲ ಉರುಳಿದ ಹಾಗೆ ಉರುಳಿದಳು.

ಏಟೇನೂ ಆಗಿರಲಿಲ್ಲ. ಗಂಡ ಓಡಿಬಂದು ಬೈಕು ಎತ್ತಿ, ಅವಳ ಮೈಮೇಲಿನ ಮಣ್ಣು ಕೊಡವುತ್ತ ಒಂದೇ ಸಮನೆ ಹೇಳತೊಡಗಿದ, "ಏನಾಗಿಲ್ಲ, ಏನಾಗಿಲ್ಲ. ಮೆಟ್ಟು ಇನ್ನೊಂದು ಚೂರು ಇಳಿಸ್ತೀನಿ. ಇಲ್ಲಾಂದ್ರೆ ಗೇರನ್ನೇ ಕೈಗೆ ತಂದುಬಿಡ್ತೀನಿ. ಮಾಡಬಹುದು, ನಾನು ಯೋಚನೆ ಮಾಡಿದೀನಿ..."

"ಸಾಕು ಕಣೋ."

"ಇವತ್ತಿಗೆ ಸಾಕು, ಹೌದು. ಮುಂದಿನ ವಾರ..."

"ಮುಂದಿನ ವಾರ ಇಲ್ಲ." ಅವಳು ನೆಲದ ಮೇಲೆ ಕೂತೇ ಹೇಳಿದಳು. "ಡಾಕ್ಟರು ನನಗೆ ಯಾವಾಗಲೋ ಹೇಳಿದಾರೆ. ಆಗಲ್ಲ ಅಂತ. ನಿನಗೆ ಹೇಳಲಿಲ್ಲ ನಾನು. ಅದೂ ಹೋಗ್ಲಿ. ಈಗ ನನಗೆ ಭಯ ಆಯ್ತು ಕಣೋ. ಆ ಗುಬ್ಬಚ್ಚಿ ದಿಬ್ಬ ನೋಡಿ ಭಯ ಆಯ್ತು. ಕಾಲಿಗೇನೋ ನೀನು ಮೆಟ್ಟು ಮಾಡ್ತೀಯ. ಇದಕ್ಕೇನು ಮಾಡ್ತೀಯ?"

ಅವನು ಬೈಕಿನ ಕಡೆ ನೋಡಿದ, ದಿಬ್ಬದ ಕಡೆ ನೋಡಿದ. ಆಮೇಲೆ ಅವಳ ಪಕ್ಕದಲ್ಲಿ ಕುಕ್ಕರಿಸಿ, ಗ್ರೀಸು ಮೆತ್ತಿದ ಕೈಗಳಿಂದ ಮುಖ ಮುಚ್ಚಿಕೊಂಡ. "ನಂಗೆ ಬೇರೆ ಏನೂ ಮಾಡೋಕೆ ಬರಲ್ಲ ಕಣೆ" ಎಂದ.

ಆ ಬೈಕಿನ ಎಂಜಿನ್ ಈಗ ಬೇರೆ ಯಾರದೋ ಗಾಡಿಯಲ್ಲಿದೆ, ಚಕ್ರಗಳು ಮತ್ತೊಬ್ಬರದರಲ್ಲಿ. ಎತ್ತರದ ಸೀಟು ಯಾವ ಗಾಡಿಗೂ ಹೊಂದಲಿಲ್ಲ. ಅಪ್ಪ ಒಂದು ದಿನ ಅದರ ಹೊಲಿಗೆ ಬಿಚ್ಚಿದರು. ಅಪ್ಪನಿಗೆ ಕಣ್ಣು ಕಾಣದಾದ ಮೇಲೆ ಅಂಗಡಿಯಲ್ಲಿ ಅವಳೇ ಕೂರುತ್ತಾಳೆ. ಹೊಲಿಗೆ ಯಂತ್ರದ ಕೆಳಗೆ ಎಡಗಾಲನ್ನು ಒಂದು ಡಬ್ಬಿಯ ಮೇಲೆ ನೀಡಿಟ್ಟುಕೊಂಡು ಬಲಗಾಲಿನಿಂದ ಮೋಟರಿನ ಪೆಡಲ್ಲು ಒತ್ತುತ್ತಾಳೆ. ಕೆಲಸ ಚೆನ್ನಾಗಿಯೇ ಬರುತ್ತದೆ. ಅದರಿಂದ ಅವಳಿಗೆ ಖುಷಿಯೇನೂ ಇಲ್ಲ. ಹೊಲಿದ ಸೀಟನ್ನು ಗಿರಾಕಿಯೇ ಕೂತು ನೋಡಿಕೊಳ್ಳಬೇಕು. ಬೀದಿ ದಾಟುವಾಗ ಒಮ್ಮೆ ಲಾರಿಯೊಂದು ಹಾರ್ನ್ ಹೊಡೆದಾಗ ಓಡಲು ಹೋದಳು; ಓಡುವುದು ಹೇಗೆಂಬುದೇ ಮೈಗೆ ಮರೆತುಹೋಗಿತ್ತು. ನಡುಬೀದಿಯಲ್ಲಿ ಕಂಬದಂತೆ ನಿಂತಳು, ಲಾರಿಯವನೇ ಬೈಯುತ್ತ ಸುತ್ತಿಕೊಂಡು ಹೋದ. ಈಗ ಯಾರೂ ಯಾವಾಗ ಹಾರೋದು ಎಂದು ಕೇಳುವುದಿಲ್ಲ. ಮಿಡತೆ ಎಂದು ಕರೆಯುವುದನ್ನೂ ಜನ ತಾವಾಗಿ ಬಿಟ್ಟಿದ್ದಾರೆ, ಮರ್ಯಾದೆಗೆ. ಅದು ಅವಳಿಗೆ ಇನ್ನಷ್ಟು ಚುಚ್ಚುತ್ತದೆ.

ಗಂಡ ಬೇರೆ ರೈಡರುಗಳ ಬೈಕು ಸರಿಮಾಡುತ್ತಾನೆ, ರಜೆಯ ದಿನಗಳಲ್ಲಿ ಟ್ರ್ಯಾಕಿಗೆ ಹೋಗುತ್ತಾನೆ. ಸಂಜೆ ಮನೆಗೆ ಬರುವ ಮೊದಲು ವರ್ಕ್‌ಶಾಪಿನ ನಲ್ಲಿಯಲ್ಲಿ ಮೈಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬರುತ್ತಾನೆ. ಟ್ರ್ಯಾಕಿನ ಧೂಳು ಒಂದು ಕಣವೂ ಮೆಟ್ಟಿಲು ಹತ್ತಬಾರದೆಂದು. ಅವಳಿಗೆ ಅದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ.

"ತೊಳ್ಕೊಂಡು ಬರಬೇಡ್ವೋ" ಎಂದಳು ಒಂದು ದಿನ. "ಹಾಗೇ ಬಾ. ನಂಗೇನೂ ಆಗಲ್ಲ."

"ಸರಿ" ಎಂದ.

ಮುಂದಿನ ವಾರವೂ ತೊಳೆದುಕೊಂಡೇ ಬಂದ. ಕೂದಲು ಒದ್ದೆಯಾಗಿತ್ತು. ಅವಳು ಟವೆಲ್ ತಂದುಕೊಟ್ಟಳು.